ಮೂರೂವರೆ ಅಂಗುಲದಲ್ಲಿ ನಮ್ಮ ಹೆಸರು

ವಿಸಿಟಿಂಗ್ ಕಾರ್ಡ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಂಡಸರ ಅಂಗಿಯ ಜೇಬು. ಕಂಪನಿಯ ಲಾಂಛನ, ಹುದ್ದೆ, ಡಿಗ್ರಿ, ಫೋನ್ ನಂಬರು ಇರುವ, ಸಭೆಯಲ್ಲಿ ಕೈಕುಲುಕಿ ಕೊಡುವ ಚೀಟಿ. ಆದರೆ ಈಗ ನಮ್ಮ ಮಹಿಳಾ ವಿಭಾಗದಲ್ಲೇ ನೋಡಿ. ಹೋಳಿಗೆ, ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವವರಿದ್ದಾರೆ. ಸೀರೆಗೆ ಫಾಲ್ ಹಚ್ಚಿ ಕುಚ್ಚು ಕಟ್ಟಿಕೊಡುವವರಿದ್ದಾರೆ. ಊರಿನಿಂದ ಇಳಕಲ್ ಸೀರೆ ತರಿಸಿ ಮಾರುವವರು, ಸಂಗೀತ ಹೇಳಿಕೊಡುವವರು, ಟ್ಯೂಷನ್ ನಡೆಸುವವರು, ಮದುವೆಗೆ ಮೆಹೆಂದಿ ಹಾಕುವವರು ಎಲ್ಲರೂ ಇದ್ದಾರೆ. ಇವರೆಲ್ಲರಿಗೂ ಕಾರ್ಡ್ ಬೇಕು.

ನಾನು ಮುಂಬಯಿಯ ಒಂದು ಸಣ್ಣ ಮುದ್ರಣಾಲಯದಲ್ಲಿ ಹಲವು ವರ್ಷ ಡಿ.ಟಿ.ಪಿ. ಕೆಲಸ ಮಾಡಿದವಳು. ಹಾಗಾಗಿ ಕಾರ್ಡ್ ಮಾಡಿಸುವ ಮುನ್ನ ಗೆಳತಿಯರು ನನಗೊಂದು ಫೋನ್ ಮಾಡುತ್ತಾರೆ. ಯಾವ ಬಣ್ಣ ಚೆನ್ನ? ಕಾಗದ ಹೊಳೆಯುವುದೋ, ಹೊಳಪಿಲ್ಲದ್ದೋ? ಗಣಪತಿ ಮೇಲಿರಲೋ, ಮೂಲೆಯಲ್ಲಿರಲೋ? ಹೀಗೆಲ್ಲ ಕೇಳುತ್ತಾರೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: "ಕಾರ್ಡಿನ ಮೇಲೆ ಯಾರ ಹೆಸರು?" ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ "ಬಿಸಿನೆಸ್ಸಿನ ಹೆಸರು ಇದೆಯಲ್ಲ" ಎಂದೋ, "ನಮ್ಮ ಯಜಮಾನರ ಹೆಸರು ಹಾಕಿದರೆ ಸಾಕು" ಎಂದೋ ಉತ್ತರ ಬರುತ್ತದೆ.

ಈ ಪ್ರಶ್ನೆ ನಾನು ಹುಟ್ಟಿಸಿದ್ದಲ್ಲ. ವ್ಯಾಪಾರದ ಕಾರ್ಡ್ ಹುಟ್ಟಿದ ಕಾಲದಿಂದಲೂ ಇದೆ. ಆ ಕಥೆಯನ್ನು ನಿಮ್ಮ ಜೊತೆ ಹಂಚಿಕೊಳ್ಳಲೆಂದೇ ಈ ಬರಹ.

ಮರದ ಪಟ್ಟಿಯಿಂದ ಇಸ್ಪೀಟು ಎಲೆಗೆ

ಹೆಸರು ಬರೆದ ಚೀಟಿಯನ್ನು ಮುಂದಾಗಿ ಕಳಿಸಿ ಆಮೇಲೆ ಭೇಟಿಗೆ ಹೋಗುವ ಪದ್ಧತಿ ಬಹಳ ಹಳೆಯದು. ಚೀನಾದ ಆನ್‌ಹುಯಿ ಪ್ರಾಂತ್ಯದ ಮಾ-ಆನ್‌ಶಾನ್ ಎಂಬಲ್ಲಿ 1984ರಲ್ಲಿ ಝು ರಾನ್ ಎಂಬ ಸೇನಾಪತಿಯ ಸಮಾಧಿ ಸಿಕ್ಕಿತು. ಆತ ಕ್ರಿ.ಶ. 249ರಲ್ಲಿ ತೀರಿಕೊಂಡವನು. ಸಮಾಧಿಯೊಳಗೆ ಅವನ ಹೆಸರು ಬರೆದ ಮರದ ಪಟ್ಟಿಗಳಿದ್ದವು. ಒಂದೊಂದೂ ಸುಮಾರು 25 ಸೆಂ.ಮೀ. ಉದ್ದ, ಅಂದರೆ ನಮ್ಮ ಶಾಲೆಯ ಅಡಿಪಟ್ಟಿಗಿಂತ ಸ್ವಲ್ಪ ಚಿಕ್ಕದು. ದೊಡ್ಡವರ ಮನೆಯ ಬಾಗಿಲಲ್ಲಿ ಇದನ್ನು ಒಳಗೆ ಕಳಿಸಿದರೆ ಬಂದವರು ಯಾರೆಂದು ತಿಳಿಯುತ್ತಿತ್ತು.

ಯೂರೋಪಿನಲ್ಲಿ ಈ ಪದ್ಧತಿ ಜನಪ್ರಿಯವಾದದ್ದು 18ನೇ ಶತಮಾನದಲ್ಲಿ. ಆಗಿನ ಇಸ್ಪೀಟು ಎಲೆಗಳ ಹಿಂಬದಿಯಲ್ಲಿ ಈಗಿನಂತೆ ಚಿತ್ತಾರವಿರಲಿಲ್ಲ, ಖಾಲಿ ಇರುತ್ತಿತ್ತು. ಆ ಖಾಲಿ ಬದಿಯಲ್ಲೇ ಹೆಸರು ಬರೆದು ಮನೆಯ ಸೇವಕನ ಕೈಗೆ ಕೊಟ್ಟು ಹೋಗುತ್ತಿದ್ದರು. ಬರುಬರುತ್ತಾ ಇದಕ್ಕಾಗಿಯೇ ಅಚ್ಚು ಹಾಕಿಸಿದ ಕಾರ್ಡುಗಳು ಬಂದವು. ಅವುಗಳ ಜೊತೆ ಯಾವಾಗ ಕೊಡಬೇಕು, ಎಷ್ಟು ಕೊಡಬೇಕು, ಯಾವ ಮೂಲೆ ಮಡಚಿದರೆ ಏನರ್ಥ ಎಂಬ ಕಟ್ಟುಪಾಡುಗಳೂ ಬಂದವು.

ಈ ಭೇಟಿ ಕಾರ್ಡುಗಳಲ್ಲಿ ನಮ್ಮ ಗಮನಕ್ಕೆ ಬರಬೇಕಾದ ಸಂಗತಿಯೊಂದಿದೆ. 19ನೇ ಶತಮಾನದ ಇಂಗ್ಲೆಂಡಿನ ಮೇಲ್ವರ್ಗದಲ್ಲಿ ವಿವಾಹಿತೆಯ ಕಾರ್ಡಿನ ಮೇಲೆ 'ಮಿಸೆಸ್' ಎಂದು ಬರೆದು ಮುಂದೆ ಗಂಡನ ಹೆಸರು ಹಾಕುತ್ತಿದ್ದರು. ಮದುವೆಯಾಗದ ಮಗಳ ಹೆಸರು ತಾಯಿಯ ಕಾರ್ಡಿನಲ್ಲೇ ಕೆಳಗೆ ಬರುತ್ತಿತ್ತು. ಹೆಂಗಸು ತನ್ನದೆಂದು ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಕಾರ್ಡಿನಲ್ಲಿ ಅವಳಿಗೆ ತಂದೆ ತಾಯಿ ಇಟ್ಟ ಹೆಸರೇ ಇರುತ್ತಿರಲಿಲ್ಲ.

ವ್ಯಾಪಾರದ ಕಾರ್ಡಿನ ಕಥೆ ಹೀಗಿರಲಿಲ್ಲ. ಅಲ್ಲಿ ಹೆಸರು ಮುಚ್ಚಿಟ್ಟರೆ ಹೊಟ್ಟೆ ತುಂಬುತ್ತಿರಲಿಲ್ಲ.

ಮನೆಗಳಿಗೆ ನಂಬರು ಇಲ್ಲದ ಊರಿನಲ್ಲಿ

ಲಂಡನ್ನಿನಲ್ಲಿ ವ್ಯಾಪಾರಿಗಳು ಕಾರ್ಡ್ ಅಚ್ಚು ಹಾಕಿಸಲು ಶುರು ಮಾಡಿದ್ದು 17ನೇ ಶತಮಾನದಲ್ಲಿ. ಅವು ಈಗಿನ ಅಳತೆಯವಲ್ಲ. ಕೆಲವು ಅಂಗೈಯಗಲ, ಕೆಲವು ನೋಟ್‌ಬುಕ್ಕಿನ ಹಾಳೆಯಷ್ಟು. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಿ, ಶಾಯಿ ತುಂಬಿ, ತೆಳು ಕಾಗದದ ಮೇಲೆ ಒತ್ತುತ್ತಿದ್ದರು. ಗಿರಾಕಿ ಸಾಮಾನು ಕೊಂಡರೆ ಅದೇ ಕಾಗದದ ಹಿಂದೆ ಬಿಲ್ಲು ಬರೆದುಕೊಡುವುದೂ ಇತ್ತು. ಕಾರ್ಡ್, ಬಿಲ್ಲು, ಜಾಹೀರಾತು ಮೂರೂ ಒಂದೇ ಹಾಳೆಯಲ್ಲಿ!

ಆಗಿನ ಲಂಡನ್ನಿನಲ್ಲಿ ಮನೆಗಳಿಗೆ ನಂಬರು ಇರಲಿಲ್ಲ. ಅಂಗಡಿಯ ಮುಂದೆ ಸಿಂಹ, ಕಿರೀಟ, ಮೀನು, ಸಕ್ಕರೆಯ ಗಟ್ಟಿ ಹೀಗೆ ಏನಾದರೊಂದು ಚಿತ್ರದ ಫಲಕ ತೂಗುತ್ತಿತ್ತು. 'ಇಂಥ ಬೀದಿಯಲ್ಲಿ, ಇಂಥ ಚರ್ಚಿನ ಎದುರು, ಇಂಥ ಫಲಕದ ಕೆಳಗೆ' ಎಂದೇ ವಿಳಾಸ. ಗಾಳಿಗೆ ಫಲಕಗಳು ಬೀಳುವ ಭಯ, ಇಕ್ಕಟ್ಟಾದ ಬೀದಿ ಇವೆಲ್ಲದರಿಂದ 1762ರಿಂದೀಚೆಗೆ ಅವುಗಳನ್ನು ತೆಗೆಸಿದರು. ಮನೆಗಳಿಗೆ ನಂಬರು ಹಾಕುವುದು ನಿಧಾನವಾಗಿ ರೂಢಿಯಾಯಿತು. ಅಲ್ಲಿಯವರೆಗೆ ಕಾರ್ಡಿನ ದೊಡ್ಡ ಕೆಲಸವೆಂದರೆ ದಾರಿ ತೋರಿಸುವುದು.

ಇದನ್ನು ಓದುವಾಗ ನನಗೆ ನಮ್ಮ ಮುಂಬಯಿಯೇ ನೆನಪಾಗುತ್ತದೆ. ಇಲ್ಲಿ ನಂಬರು, ಪಿನ್ ಕೋಡ್ ಎಲ್ಲ ಇದ್ದರೂ ನಾವು ಹೇಳುವುದು 'ಸ್ಟೇಷನ್ನಿನ ಪೂರ್ವಕ್ಕೆ ಇಳಿಯಿರಿ, ಗಣಪತಿ ಗುಡಿ ದಾಟಿ ಮೆಡಿಕಲ್ ಅಂಗಡಿಯ ಪಕ್ಕದ ಗಲ್ಲಿ' ಎಂದೇ ಅಲ್ಲವೇ? ಮೂರು ಶತಮಾನ ಕಳೆದರೂ ಗಿರಾಕಿ ದಾರಿ ಹುಡುಕುವ ರೀತಿ ಬದಲಾಗಿಲ್ಲ.

ಅಕ್ಕ ತಂಗಿಯರ ಅಂಗಡಿ

ಆ ಕಾಲದ ಒಂದು ಕಾರ್ಡ್ ನನಗೆ ಬಹಳ ಇಷ್ಟ. ವಿಲಿಯಂ ಹೋಗಾರ್ತ್ ಎಂಬ ಇಂಗ್ಲಿಷ್ ಚಿತ್ರಕಾರನ ಹೆಸರು ಕೆಲವರು ಕೇಳಿರಬಹುದು. ದೊಡ್ಡ ಕಲಾವಿದನೆನಿಸುವ ಮೊದಲು ಅವನು ಕಾರ್ಡ್ ಕೆತ್ತಿ ಹೊಟ್ಟೆ ಹೊರೆದವನು. 1720ರ ಏಪ್ರಿಲ್‌ನಲ್ಲಿ ಸ್ವಂತ ಅಂಗಡಿ ತೆರೆದಾಗ ತನಗೂ ಒಂದು ಕಾರ್ಡ್ ಕೆತ್ತಿಕೊಂಡಿದ್ದ. ಅವನಿಗೆ ಮೇರಿ ಮತ್ತು ಆ್ಯನ್ ಎಂಬ ಇಬ್ಬರು ತಂಗಿಯರು. ಸಿದ್ಧ ಉಡುಪುಗಳ ಅಂಗಡಿ ನಡೆಸುತ್ತಿದ್ದರು. 1730ರ ಸುಮಾರಿಗೆ ಇವರಿಗಾಗಿ ಅಣ್ಣನೇ ಮಾಡಿಕೊಟ್ಟದ್ದೆಂದು ಹೇಳಲಾಗುವ ಕಾರ್ಡೊಂದು ಉಳಿದುಬಂದಿದೆ.

ಮೇಲೆ ಅಂಗಡಿಯ ಒಳನೋಟದ ಚಿತ್ರ, ಗಿರಾಕಿಗಳಿಗೆ ಬಟ್ಟೆ ತೋರಿಸುತ್ತಿರುವ ದೃಶ್ಯ. ಅದರ ಕೆಳಗೆ ಮೊದಲ ಮಾತೇ ಹೆಸರು: ಮೇರಿ ಮತ್ತು ಆ್ಯನ್ ಹೋಗಾರ್ತ್. ಆಮೇಲೆ ಹಳೆಯ ಅಂಗಡಿ ಎಲ್ಲಿತ್ತು, ಈಗ ಎಲ್ಲಿಗೆ ಬಂದಿದ್ದಾರೆ, ಯಾವ ಫಲಕದ ಹತ್ತಿರ, ಯಾವ ಬಾಗಿಲಿನ ಪಕ್ಕ ಎಂಬ ವಿವರ. ಹಳೆಯ ಗಿರಾಕಿ ತಪ್ಪಿಹೋಗಬಾರದೆಂಬ ಕಾಳಜಿ ಇಲ್ಲಿ ಎದ್ದು ಕಾಣುತ್ತದೆ. ಅದಾದ ಮೇಲೆ ಏನೇನು ಸಿಗುತ್ತದೆಂಬ ಪಟ್ಟಿ: ಫ್ರಾಕುಗಳು, ದಪ್ಪ ಹತ್ತಿಬಟ್ಟೆಯ ಸೂಟುಗಳು, ಫ್ಲಾನೆಲ್ ವೇಸ್ಟ್‌ಕೋಟುಗಳು, ನೀಲಿಕೋಟಿನ ಹುಡುಗರ ಚಡ್ಡಿಗಳು. ಕೊನೆಗೆ ಸಗಟಾಗಿಯೂ ಬಿಡಿಯಾಗಿಯೂ ನ್ಯಾಯವಾದ ಬೆಲೆಗೆ ಮಾರುತ್ತೇವೆ ಎಂಬ ಮಾತು.

'ನೀಲಿಕೋಟಿನ ಹುಡುಗರು' ಎಂದರೆ ಹತ್ತಿರದಲ್ಲೇ ಇದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯ ಮಕ್ಕಳು. ಅವರ ಸಮವಸ್ತ್ರ ಉದ್ದನೆಯ ನೀಲಿ ಕೋಟು. ಆ ಮೂರು ಪದ ಓದಿದ ತಾಯಿಗೆ 'ಇದು ನನ್ನ ಮಗನಿಗೆ ಬೇಕಾದ ಅಂಗಡಿ' ಎಂದು ತಿಳಿಯುತ್ತಿತ್ತು. 'ಎಲ್ಲ ಬಗೆಯ ಉಡುಪು ದೊರೆಯುತ್ತದೆ' ಎಂದು ಬರೆದಿದ್ದರೆ ಆ ತಾಯಿ ನಿಲ್ಲುತ್ತಿರಲಿಲ್ಲ.

ಯಾರು, ಏನು, ಎಲ್ಲಿ. ಕಾರ್ಡ್ ಹೇಳಬೇಕಾದ ಮೂರು ಮಾತನ್ನೂ ಈ ಇಬ್ಬರು ಹೆಂಗಸರ ಕಾರ್ಡ್ ಹೇಳುತ್ತದೆ. ಅದರಲ್ಲೂ 'ಯಾರು' ಎಂಬುದು ಮೊದಲು ಬರುತ್ತದೆ. ಅಣ್ಣ ಹೆಸರಾಂತನಾಗುತ್ತಿದ್ದರೂ ಅವನ ಹೆಸರನ್ನು ಅವರು ಸಾಲ ಪಡೆಯಲಿಲ್ಲ.

ಸಹಿ ನನ್ನದೇ ಇರಬೇಕು

ಎಲೀನರ್ ಕೋಡ್ ಎಂಬಾಕೆಯದು ಇನ್ನೂ ಗಟ್ಟಿ ಕಥೆ. 1769ರಲ್ಲಿ ಆಕೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೃತಕ ಕಲ್ಲಿನ ಕಾರ್ಖಾನೆ ಶುರು ಮಾಡಿದಳು. ಜೇಡಿಮಣ್ಣಿಗೆ ಬೇರೆ ವಸ್ತುಗಳನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಭಟ್ಟಿಯಲ್ಲಿ ದಿನಗಟ್ಟಲೆ ಸುಟ್ಟು ಮಾಡುತ್ತಿದ್ದ ಆ 'ಕಲ್ಲು' ಮಳೆ ಚಳಿಗೆ ಜಗ್ಗುತ್ತಿರಲಿಲ್ಲ. ಕೋಡ್ ಕಲ್ಲಿನಲ್ಲಿ 1837ರಲ್ಲಿ ಮಾಡಿದ ದೊಡ್ಡ ಸಿಂಹವೊಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಯಲ್ಲಿ ಇಂದಿಗೂ ನಿಂತಿದೆ. ನಮ್ಮಲ್ಲಿ ಲಂಡನ್ನಿಗೆ ಮಕ್ಕಳ ಮನೆಗೆ ಹೋಗಿ ಬಂದವರು ಅದರ ಪಕ್ಕದಲ್ಲೇ ನಡೆದು ಹೋಗಿರಬಹುದು.

ಕಾರ್ಖಾನೆ ಶುರುವಾದ ಹೊಸತರಲ್ಲಿ ಡೇನಿಯಲ್ ಪಿಂಕೋಟ್ ಎಂಬಾತ ಅಲ್ಲಿ ಮೇಲುಸ್ತುವಾರಿ ನೋಡುತ್ತಿದ್ದ. ಅವನು ಹೊರಗಿನವರ ಮುಂದೆ ತಾನೇ ಮಾಲೀಕನೆಂಬಂತೆ ನಡೆದುಕೊಳ್ಳತೊಡಗಿದ. ಗಂಡಸು ಮುಂದೆ ನಿಂತರೆ ಮಾಲೀಕ ಅವನೇ ಎಂದು ಜನ ನಂಬಿಬಿಡುವುದು ಆಗಲೂ ಇತ್ತು. 1771ರ ಸೆಪ್ಟೆಂಬರಿನಲ್ಲಿ ಎಲೀನರ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಳು. ಪಿಂಕೋಟ್‌ಗೆ ಈ ಉದ್ಯಮದಲ್ಲಿ ಮಾಲೀಕತ್ವವಿಲ್ಲ, ಎಲೀನರ್ ಕೋಡ್ ಸಹಿ ಇಲ್ಲದ ಯಾವ ಕರಾರೂ ರಸೀದಿಯೂ ಸಿಂಧುವಲ್ಲ ಎಂಬುದು ಅದರ ಸಾರಾಂಶ. ಅವನನ್ನು ಕೆಲಸದಿಂದ ತೆಗೆದು, ಮುಂದೆ ಅರ್ಧ ಶತಮಾನ ಉದ್ಯಮವನ್ನು ತಾನೇ ನಡೆಸಿದಳು. 1821ರಲ್ಲಿ ತೀರಿಕೊಂಡಳು.

ಆಕೆ ಮದುವೆಯಾಗಿರಲಿಲ್ಲ. ಇದನ್ನು ಹೇಳಲು ಕಾರಣವಿದೆ. ಇಂಗ್ಲೆಂಡಿನ ಆಗಿನ ಕಾನೂನಿನಲ್ಲಿ ಸಾಮಾನ್ಯವಾಗಿ ವಿವಾಹಿತೆಯ ಸಂಪಾದನೆ ಗಂಡನಿಗೆ ಸೇರುತ್ತಿತ್ತು. ದುಡಿದ ಹಣ ಅವಳದೇ ಎಂದು ಪಾರ್ಲಿಮೆಂಟು ಒಪ್ಪಿದ್ದು 1870ರ ಕಾಯಿದೆಯಲ್ಲಿ. ಆಸ್ತಿಯ ಹಕ್ಕು ಸರಿಯಾಗಿ ಸಿಕ್ಕಿದ್ದು 1882ರಲ್ಲಿ. ಕಾರ್ಡಿನ ಮೇಲಿನ ಹೆಸರು ಬರೀ ಅಲಂಕಾರವಲ್ಲ, ಹಣ ಯಾರ ಕೈ ಸೇರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಎಲೀನರ್‌ಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಕಾಗದಗಳು ನಮಗೆ ಹೇಗೆ ಉಳಿದವು? ಇದಕ್ಕೂ ಒಬ್ಬ ಹೆಂಗಸಿಗೆ ಋಣಿಯಾಗಿರಬೇಕು. ಕ್ಯಾಪ್ಟನ್ ಕುಕ್ ಜೊತೆ ಸಮುದ್ರಯಾನ ಮಾಡಿದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್. ಅಣ್ಣ ದೇಶದೇಶದ ಗಿಡ ಕೂಡಿಟ್ಟರೆ ತಂಗಿ ಊರಿನ ಚೀಟಿ ಕೂಡಿಟ್ಟಳು. ವ್ಯಾಪಾರದ ಕಾರ್ಡು, ಭೇಟಿ ಕಾರ್ಡು, ನಾಟಕದ ಟಿಕೆಟ್ಟು, ಆಹ್ವಾನ ಪತ್ರಿಕೆ, ಹೀಗೆ ಸಾವಿರಾರು. 1818ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. ಕಸವೆಂದು ಎಸೆಯುವ ಕಾಗದದಲ್ಲಿ ಚರಿತ್ರೆ ಕಂಡ ಕಣ್ಣು ಅದು.

ಬಣ್ಣ ಬಂದ ಮೇಲೆ

1796ರ ಹೊತ್ತಿಗೆ ಜರ್ಮನಿಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಲ್ಲಚ್ಚಿನ ಮುದ್ರಣ ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದರೆ ಸಾಕು, ಕೆತ್ತುವ ಕಷ್ಟವಿಲ್ಲ. 19ನೇ ಶತಮಾನದ ನಡುವಿನ ಹೊತ್ತಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಬಣ್ಣದ ಚಿತ್ರಗಳನ್ನೂ ಅಚ್ಚು ಹಾಕತೊಡಗಿದರು. 1870 ಮತ್ತು 80ರ ದಶಕಗಳ ಅಮೆರಿಕದಲ್ಲಿ ಸೋಪು, ದಾರ, ಹೊಲಿಗೆ ಯಂತ್ರ ಮಾರುವವರೆಲ್ಲ ಮಕ್ಕಳ, ಹೂವಿನ, ಬೆಕ್ಕಿನ ಬಣ್ಣದ ಕಾರ್ಡ್ ಹಂಚಿದರು. ಹೆಂಗಸರು ಮಕ್ಕಳು ಅವನ್ನು ಆಲ್ಬಮ್ಮಿನಲ್ಲಿ ಅಂಟಿಸಿ ಇಟ್ಟುಕೊಂಡರು.

ಬಣ್ಣದ ಚಿತ್ರದ ಬಲ ಭಾರತದ ಮಾರುಕಟ್ಟೆಯಲ್ಲೂ ಕಾಣಿಸಿತು. ಮ್ಯಾಂಚೆಸ್ಟರಿನಿಂದ ಮುಂಬಯಿ, ಕಲ್ಕತ್ತಾ ಬಂದರುಗಳಿಗೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಅಂಗೈಯಗಲದ ಬಣ್ಣದ ಲೇಬಲ್ಲು ಅಂಟಿಸುತ್ತಿದ್ದರು. ವ್ಯಾಪಾರಿಗಳ ಬಾಯಲ್ಲಿ ಅದು 'ಟಿಕೆಟ್ಟು'. ಕೃಷ್ಣ, ಲಕ್ಷ್ಮಿ, ಆನೆ, ಹುಲಿ, ರಾಜರಾಣಿಯರ ಚಿತ್ರಗಳು. ಇಂಗ್ಲಿಷ್ ಓದಲು ಬಾರದ ಗಿರಾಕಿ ಕೂಡ 'ಹೋದ ಸಲ ತಂದ ಆನೆ ಛಾಪು ಕೊಡಿ' ಎಂದು ಕೇಳಬಹುದಿತ್ತು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಬಣ್ಣದ ದೇವರ ಚಿತ್ರ ಮನೆಮನೆಯ ಗೋಡೆಗೂ ಬಂತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಟಿಕೆಟ್ಟಿನ ಮೇಲಿನ ಆನೆಗೆ ಕೆಲಸವಿತ್ತು, ಅದು ಆ ಬಟ್ಟೆಯ ಗುರುತಾಗಿತ್ತು. ಅಮೆರಿಕದ ಬೆಕ್ಕಿನ ಚಿತ್ರ ಯಾವ ಸೋಪಿಗಾದರೂ ಹೊಂದುತ್ತಿತ್ತು. ಸಿದ್ಧ ಚಿತ್ರ ಅಚ್ಚು ಹಾಕಿಟ್ಟು, ಅಂಗಡಿಯ ಹೆಸರಿಗೆ ಜಾಗ ಖಾಲಿ ಬಿಟ್ಟು ಮಾರುವುದೂ ಅಲ್ಲಿ ಇತ್ತು. ಇವತ್ತು ಮೊಬೈಲ್ ಆ್ಯಪ್‌ನಲ್ಲಿ ಸಿಗುವ ಸಿದ್ಧ ವಿನ್ಯಾಸಗಳೂ ಅದೇ ಜಾತಿಯವು. ಚಿನ್ನದ ಬಳ್ಳಿ, ಗುಲಾಬಿ ಹೂವು ಎಲ್ಲ ಚೆನ್ನಾಗಿಯೇ ಇರುತ್ತವೆ. ಆದರೆ ಅದೇ ಬಳ್ಳಿ ಬ್ಯೂಟಿ ಪಾರ್ಲರಿನ ಕಾರ್ಡಿನಲ್ಲೂ ಇದೆ, ಉಪ್ಪಿನಕಾಯಿಯ ಕಾರ್ಡಿನಲ್ಲೂ ಇದೆ.

ನಮ್ಮೂರಿನ ಕಾರ್ಡುಗಳು ಹೇಳುವ ಕಥೆ

ಹಳೆಯ ಮುಂಬಯಿ ಕಾರ್ಡುಗಳನ್ನು ಕೈಯಲ್ಲಿ ಹಿಡಿದರೆ ಅದು ಯಾವ ಕಾಲದ್ದೆಂದು ಹೆಚ್ಚು ಕಡಿಮೆ ಹೇಳಬಹುದು. 'ಗ್ರಾಂ' ಎಂದು ಬರೆದು ಒಂದೇ ಪದವಿದ್ದರೆ ಅದು ನೋಂದಾಯಿಸಿದ ತಂತಿ ವಿಳಾಸ. ತಂತಿ ಸೇವೆಯೇ 2013ರ ಜುಲೈನಲ್ಲಿ ನಿಂತುಹೋಯಿತು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಫೋನ್ ನಂಬರಿನ ಮುಂದೆ 'ಪಿ.ಪಿ.' ಎಂದಿದ್ದರೆ ಅದು ಪಕ್ಕದ ಮನೆಯ ಫೋನು. ಚಾಳಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ನೆರೆಮನೆಯವರು "ನಿಮಗೆ ಫೋನ್" ಎಂದು ಕೂಗಿದರೆ ಸೌಟು ಕೆಳಗಿಟ್ಟು ಓಡಬೇಕಿತ್ತು. 1995ರ ನಂತರ ಮೊಬೈಲ್ ನಂಬರು ಬಂತು. 2011ರಿಂದ ಕಂಪನಿ ಬದಲಿಸಿದರೂ ನಂಬರು ಉಳಿಸಿಕೊಳ್ಳುವ ಸೌಲಭ್ಯ ದೇಶದೆಲ್ಲೆಡೆ ಸಿಕ್ಕಿತು. ಕಾರ್ಡ್ ಹಂಚುವವರಿಗೆ ಇದು ದೊಡ್ಡ ಉಪಕಾರ.

ನಾನು ಕೆಲಸಕ್ಕೆ ಸೇರಿದಾಗ ಮುದ್ರಣಾಲಯದ ಮೂಲೆಯಲ್ಲಿ ಹಳೆಯ ಟ್ರೆಡಲ್ ಯಂತ್ರವಿನ್ನೂ ಇತ್ತು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ, ಕಾಲಿನಲ್ಲಿ ಒತ್ತಿ ಕಾರ್ಡ್ ತೆಗೆಯುವ ಯಂತ್ರ. ಅಲ್ಲಿ ಇಂಗ್ಲಿಷ್, ಮರಾಠಿ ಮೊಳೆಗಳಿದ್ದವು, ಕನ್ನಡದವು ಇರಲಿಲ್ಲ. ಕನ್ನಡದ ಒಂದು ಸಾಲು ಬೇಕೆಂದರೆ ಬರೆಸಿ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಅದರ ಖರ್ಚು ಕೇಳಿಯೇ ಹಲವರು ಇಂಗ್ಲಿಷಿಗೆ ಒಪ್ಪಿಕೊಳ್ಳುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಬರಹ, ನುಡಿ ತಂತ್ರಾಂಶಗಳಿಂದ ಕನ್ನಡ ಸಲೀಸಾಯಿತು. ಆದರೂ ಮರಾಠಿ ನಾಡಿನ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಇದಕ್ಕೆ ಉಪಾಯ ಸುಲಭ. ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಿಸಿದ ಪಿ.ಡಿ.ಎಫ್. ಕಳಿಸಿ, ಅಚ್ಚಿನ ಮೊದಲು ಒಂದು ಪ್ರತಿ ತೆಗೆಸಿ ನೀವೇ ಓದಿ. ಅಲ್ಲಿ ಕನ್ನಡದ ಕಾಗುಣಿತ ತಿದ್ದುವವರು ಇರುವುದಿಲ್ಲ.

ಹೋಳಿಗೆ ಆಂಟಿಯ ಹೆಸರು

ನಮ್ಮ ಸದಸ್ಯೆಯೊಬ್ಬರು ಹಬ್ಬಕ್ಕೆ, ಸಣ್ಣ ಸಮಾರಂಭಗಳಿಗೆ ಅಡುಗೆ ಮಾಡಿಕೊಡುತ್ತಾರೆ. ಅವರ ಮೊದಲ ಕಾರ್ಡಿನಲ್ಲಿ ದೇವರ ಹೆಸರಿನ ಕೇಟರಿಂಗ್, ಕೆಳಗೆ ಪ್ರೊಪ್ರೈಟರ್ ಎಂದು ಪತಿಯ ಹೆಸರು, ಅವರದೇ ಮೊಬೈಲ್. ಪತಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು. ನೂರು ಹೋಳಿಗೆಗೆ ಎಷ್ಟು ದಿನ ಮೊದಲು ಹೇಳಬೇಕೆಂದು ಗಿರಾಕಿ ಕೇಳಿದರೆ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ನಿಂತ ಅವರು ಏನು ಹೇಳಿಯಾರು? "ಮನೆಗೆ ಹೋಗಿ ಕೇಳಿ ಹೇಳುತ್ತೇನೆ" ಎನ್ನುವಷ್ಟರಲ್ಲಿ ಆರ್ಡರ್ ಬೇರೆಯವರಿಗೆ ಹೋಗಿರುತ್ತಿತ್ತು. ಗಿರಾಕಿಗಳು ಈಕೆಯನ್ನು ಗುರುತಿಸುತ್ತಿದ್ದುದು 'ಹೋಳಿಗೆ ಆಂಟಿ' ಎಂದು. ಅಂಥ ಆಂಟಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ.

ಹೊಸ ಕಾರ್ಡ್ ಮಾಡಿಸುವಾಗ ಅವರ ಹೆಸರು ಹಾಕೋಣವೆಂದೆ. ಅವರ ಅಳುಕಿಗೆ ಕಾರಣವಿತ್ತು. ಹೆಂಗಸಿನ ಹೆಸರು, ನಂಬರು ಎಲ್ಲರ ಕೈಗೆ ಹೋದರೆ ಬೇಡದ ಕರೆ ಬರುವುದಿಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ವ್ಯಾಪಾರಕ್ಕೇ ಒಂದು ಪ್ರತ್ಯೇಕ ಸಿಮ್ ತೆಗೆದುಕೊಂಡರು. ಕಾರ್ಡಿನಲ್ಲಿ ಫ್ಲ್ಯಾಟ್ ನಂಬರು ಬಿಟ್ಟು ಬಡಾವಣೆ ಮತ್ತು ಹತ್ತಿರದ ಗುರುತು ಮಾತ್ರ ಹಾಕಿದೆವು. ಪೂರ್ತಿ ವಿಳಾಸ ಆರ್ಡರ್ ಖಚಿತವಾದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರಾಯಿತು. ಮೇರಿ ಮತ್ತು ಆ್ಯನ್‌ಗೆ ಬೀದಿಯಲ್ಲಿ ಅಂಗಡಿ ಇತ್ತು. ನಮಗೆ ಅಡುಗೆಮನೆಯೇ ಅಂಗಡಿ. ಹಾಗಾಗಿ 'ಎಲ್ಲಿ' ಎಂಬುದನ್ನು ಸ್ವಲ್ಪ ಬಿಗಿಹಿಡಿದು ಹೇಳುವುದು ಜಾಣತನ. 'ಯಾರು' ಎಂಬುದನ್ನು ಬಿಗಿಹಿಡಿಯಬೇಕಿಲ್ಲ.

ಆಮೇಲೆ ಬಂದದ್ದು ಕ್ಯೂ.ಆರ್. ಕೋಡಿನ ಮಾತು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ ಚೌಕ ಇದು. 2016ರಲ್ಲಿ ಯು.ಪಿ.ಐ. ಬಂದ ಮೇಲೆ ನಮ್ಮ ತರಕಾರಿ ಗಾಡಿಗೂ ಬಂತು. ಹೊಸ ಕಾರ್ಡಿನ ಹಿಂದೆ ಅದನ್ನು ಹಾಕಿ ಪರೀಕ್ಷೆಗೆಂದು ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ಬಂದದ್ದು ಪತಿಯ ಹೆಸರು, ಏಕೆಂದರೆ ಖಾತೆ ಅವರದು. ಮುಂದೆ ಗಿರಾಕಿಗಳೂ "ಇದು ಸರಿಯಾದ ನಂಬರಾ?" ಎಂದು ಕೇಳುವುದು ಖಂಡಿತ. ಮನೆಯಲ್ಲಿ ಕೂತು ಮಾತಾಡಿದರು. ಪತಿಯೇ ಮುಂದಾಗಿ ಆಕೆಯ ಹೆಸರಲ್ಲಿ ಬೇರೆ ಖಾತೆ ತೆರೆಸಿದರು. ಆರು ತಿಂಗಳ ನಂತರ ಅವರು ನನಗೆ ಹೇಳಿದ್ದು ಇಷ್ಟೇ: "ಇಷ್ಟು ವರ್ಷದಲ್ಲಿ ನಾನು ಎಷ್ಟು ದುಡಿಯುತ್ತೇನೆ ಅಂತ ಈಗ ಗೊತ್ತಾಯಿತು ನೋಡಿ."

ಅವರ ಮನೆಯಲ್ಲಿ ಜಗಳವಿರಲಿಲ್ಲ, ಅನ್ಯಾಯ ಮಾಡಬೇಕೆಂಬ ಮನಸ್ಸೂ ಯಾರಿಗೂ ಇರಲಿಲ್ಲ. ಎಲ್ಲ ರೂಢಿಯಿಂದ ನಡೆದುಬಂದಿತ್ತು, ಅಷ್ಟೆ. ಎಲೀನರ್ ಕೋಡ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹೇಳಬೇಕಾಗಿ ಬಂದದ್ದನ್ನು ನಾವು ಊಟದ ಮೇಜಿನಲ್ಲಿ ಕೂತು ಮುಗಿಸಬಹುದು.

ಕಾರ್ಡ್ ಮಾಡಿಸುವ ಮುನ್ನ

ಚರಿತ್ರೆಯಿಂದ ಕಲಿತದ್ದನ್ನೂ ಪ್ರೆಸ್ಸಿನಲ್ಲಿ ಕಂಡದ್ದನ್ನೂ ಸೇರಿಸಿ ಕೆಲವು ಮಾತು ಹೇಳುತ್ತೇನೆ.

ಅಳತೆ: ನಮ್ಮಲ್ಲಿ ರೂಢಿಯಲ್ಲಿರುವುದು ಮೂರೂವರೆ ಅಂಗುಲ ಉದ್ದ, 2 ಅಂಗುಲ ಅಗಲ. ಇದು ಪರ್ಸಿನಲ್ಲಿ ಕೂರುತ್ತದೆ. ಹೂವಿನಾಕಾರ, ಎಲೆಯಾಕಾರದ ಕಾರ್ಡ್ ನೋಡಲು ಚಂದ, ಇಟ್ಟುಕೊಳ್ಳಲು ಕಷ್ಟ. ಅಚ್ಚಾದ ಮೇಲೆ ಕತ್ತರಿಸುವುದರಿಂದ ಹಿನ್ನೆಲೆಯ ಬಣ್ಣ ಅಂಚಿನಾಚೆ 3 ಮಿ.ಮೀ. ಹೋಗಿರಲಿ, ಅಕ್ಷರಗಳು ಅಂಚಿನಿಂದ ಅಷ್ಟೇ ಒಳಗಿರಲಿ.

ಕಾಗದ: 300ರಿಂದ 350 ಜಿ.ಎಸ್.ಎಂ. ದಪ್ಪ ಸಾಕು. ಒಂದು ಬದಿಯಾದರೂ ಹೊಳಪಿಲ್ಲದ ಕಾಗದವಿದ್ದರೆ ಪೆನ್ನಿನಲ್ಲಿ ಬರೆಯಬಹುದು. 'ಶನಿವಾರ 50 ಹೋಳಿಗೆ' ಎಂದು ಗಿರಾಕಿ ಹಿಂದೆ ಬರೆದುಕೊಂಡರೆ ಆ ಕಾರ್ಡ್ ಫ್ರಿಜ್ಜಿನ ಮೇಲೆ ಉಳಿಯುತ್ತದೆ. ಹಿಂದೆ ಬಿಲ್ಲು ಬರೆಯುತ್ತಿದ್ದ ಲಂಡನ್ನಿನ ಕಾಗದಗಳು ಉಳಿದದ್ದಕ್ಕೂ ಅದು ಒಂದು ಕಾರಣವಿರಬೇಕು.

ಅಕ್ಷರ: ಇಂಗ್ಲಿಷಿಗೆ 8 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಕನ್ನಡಕ್ಕೆ ಒಂದೆರಡು ಪಾಯಿಂಟ್ ಹೆಚ್ಚೇ ಇರಲಿ, ಇಲ್ಲದಿದ್ದರೆ ಒತ್ತು ಮುಚ್ಚಿಹೋಗುತ್ತದೆ. ಎರಡು ಬಗೆಯ ಅಕ್ಷರಶೈಲಿ ಸಾಕು. ನಮ್ಮ ಗಿರಾಕಿಗಳಲ್ಲಿ ಚಾಳೀಸು ಹಾಕಿಕೊಂಡವರೇ ಹೆಚ್ಚು ಎಂಬುದು ನೆನಪಿರಲಿ.

ಮಾತು: 'ಎಲ್ಲ ಬಗೆಯ ತಿಂಡಿ' ಎಂದು ಬರೆಯುವ ಬದಲು 'ಕಾಯಿ ಹೋಳಿಗೆ, ಪತ್ರೊಡೆ, ಕೋಡುಬಳೆ' ಎಂದು ಬರೆಯಿರಿ. ನೀಲಿಕೋಟಿನ ಹುಡುಗರನ್ನು ನೆನೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡಬಹುದೆಂದೂ ಹಾಕಿ. ಆಹಾರದ ವ್ಯಾಪಾರವಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿಯ 14 ಅಂಕಿಯ ಸಂಖ್ಯೆ ಇರಲಿ, ಹೊಸಬರಿಗೆ ನಂಬಿಕೆ ಬರುತ್ತದೆ.

ಚಿತ್ರ: ಒಂದೇ ಒಂದು, ನಿಮ್ಮದೇ ಕೆಲಸದ್ದು. ಗಣಪತಿ ಇರಲೇಬೇಕೆಂದರೆ ಚಿಕ್ಕದಾಗಿ ಮೇಲಿರಲಿ.

ಭಾಷೆ: ಗಿರಾಕಿಗಳು ಮರಾಠಿಯವರೋ, ತಮಿಳರೋ, ತೆಲುಗರೋ ಆಗಿದ್ದರೆ ಆ ಭಾಷೆಗೂ ಇಂಗ್ಲಿಷಿಗೂ ಜಾಗ ಬೇಕೇ ಬೇಕು. ಆದರೆ ಒಂದು ಬದಿಯಲ್ಲಿ ಹೆಸರಾದರೂ ಕನ್ನಡದಲ್ಲಿರಲಿ. ಪರ ಊರಿನಲ್ಲಿ ಆ ಎರಡು ಪದ ಕಂಡು ಮಾತಿಗೆ ನಿಲ್ಲುವ ಕನ್ನಡಿಗರು ಇದ್ದೇ ಇರುತ್ತಾರೆ.

ಕ್ಯೂ.ಆರ್.: 2 ಸೆಂ.ಮೀ.ಗಿಂತ ಚಿಕ್ಕದಾದರೆ ಹಳೆಯ ಫೋನುಗಳು ಓದಲು ತಡಬಡಾಯಿಸುತ್ತವೆ. ಬಿಳಿಯ ಮೇಲೆ ಕಪ್ಪಾಗಿರಲಿ, ಸುತ್ತ ಬಿಳಿ ಜಾಗವಿರಲಿ. ಸ್ಕ್ಯಾನ್ ಮಾಡಿದಾಗ ಬರುವ ಹೆಸರೂ ಕಾರ್ಡಿನ ಮೇಲಿನ ಹೆಸರೂ ಒಂದೇ ಆಗಿರಲಿ.

ಅಚ್ಚಿಗೆ ಎಲ್ಲ ಊರಿನಲ್ಲೂ ಜಾಗಗಳಿವೆ. ದೆಹಲಿಯವರಿಗೆ ಚಾವಡಿ ಬಜಾರ್, ಹೈದರಾಬಾದಿನವರಿಗೆ ಛತ್ತಾ ಬಜಾರ್, ಪುಣೆಯವರಿಗೆ ಅಪ್ಪಾ ಬಳವಂತ ಚೌಕ್. ಮೊದಲ ಸಲ ಸಾವಿರ ಹಾಕಿಸಬೇಡಿ. ನೂರು ಹಾಕಿಸಿ ಹಂಚಿ, ಗಿರಾಕಿಗಳು ಫೋನ್ ಮಾಡಿ ಮತ್ತೆ ಮತ್ತೆ ಏನು ಕೇಳುತ್ತಾರೋ ಅದನ್ನು ಮುಂದಿನ ಸಲ ಕಾರ್ಡಿನಲ್ಲಿ ಸೇರಿಸಿ.

ಪ್ರೆಸ್ಸಿಗೆ ಹೋಗುವ ಮೊದಲು ಹಳೆಯ ಮದುವೆ ಪತ್ರಿಕೆಯನ್ನು ಈ ಅಳತೆಗೆ ಕತ್ತರಿಸಿ, ಹಿಂಬದಿಯಲ್ಲಿ ಕೈಯಾರೆ ಬರೆದು ನೋಡಿ. ನಿಮ್ಮ ವ್ಯಾಪಾರ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ಯಾರು, ಏನು, ಎಲ್ಲಿ ಎಂದು ಕೇಳಿ. ಮೂರಕ್ಕೂ ಕೂಡಲೇ ಉತ್ತರ ಬಂದರೆ ಕಾರ್ಡ್ ಸಿದ್ಧವಾಯಿತು ಎಂದೇ ಅರ್ಥ. ನನಗೂ ಒಂದು ಕೊಡಿ, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಕೈಗೆ ಬಂದ ಕೂಡಲೇ ನಾನು ಹುಡುಕುವುದು ನಿಮ್ಮ ಹೆಸರನ್ನು.